ಬಾರದ ಪ್ರೀತಿಯ ಕಥೆಗಳು

ಎಪ್ರಿಲ್ ತಿಂಗಳ ಒಂದು ಮದುವೆ. ಬದಿಯಡ್ಕದ ಕಡೆಯದೋ ಕುಂಬಳೆಯ ಕಡೆಯದೋ, ಯಾವ ಹಾಲ್ ಆದರೂ ಆದೀತು. ಎರಡನೇ ಹಂತಿಗೆ ಎಲೆ ಹಾಕಿದ್ದಾರೆ. ಸಾರು ಬಂತು, ಮೇಲಾರ ಬಂತು. ಹೋಳಿಗೆಗೆ ಕಾಯಿಹಾಲು ಹೊಯ್ಯುತ್ತ ಬಂದ ಅತ್ತೆ, ಎಲೆಯ ಮುಂದೆ ಕೂತ ಇಪ್ಪತ್ತಾರರ ಹುಡುಗಿಯನ್ನು ಕಂಡು ಸೌಟು ಎತ್ತಿ ಹಿಡಿದೇ ಹವ್ಯಕ ಕನ್ನಡದಲ್ಲಿ ಕೇಳುತ್ತಾರೆ: "ಇನ್ನು ನಿನ್ನದು ಏವಗ ಕೂಸೇ?" ಕೈ ತೊಳೆಯಲು ಹೋದಲ್ಲಿ ಅಮ್ಮನ ಗೆಳತಿ ತುಳುವಿನಲ್ಲಿ, "ನಿನ್ನ ಮದಿಮೆ ಏಪ?" ವಾಪಸು ಬರುವ ಬಸ್ಸಿನಲ್ಲಿ ಸಿಕ್ಕ ಹಳೆಯ ಟೀಚರ್ ಮಲಯಾಳದಲ್ಲಿ, "ಕಲ್ಯಾಣಂ ಎಪ್ಪೋಳಾ?" ಕಾಸರಗೋಡನ್ನು ಸಪ್ತಭಾಷಾ ಸಂಗಮಭೂಮಿ ಎನ್ನುತ್ತೇವೆ. ಕೊಂಕಣಿ, ಮರಾಠಿ, ಬ್ಯಾರಿ, ಉರ್ದುವಿನಲ್ಲೂ ಈ ಪ್ರಶ್ನೆ ತಯಾರಾಗಿಯೇ ಉಂಟು.

"ನೋಡುವಾ" ಎಂದು ನಕ್ಕು ದಾಟಿಸುವುದು ಎಲ್ಲರಿಗೂ ಅಭ್ಯಾಸ. ಹಾಗೆ ನಕ್ಕವರಲ್ಲಿ ಕೆಲವರು ಕೆಲಸ ಗಟ್ಟಿಯಾಗಲಿ ಎಂದು ಕಾಯುವವರು. ಕೆಲವರು ಮನೆಯಲ್ಲಿ ಹೇಳಲಾಗದ ಪ್ರೀತಿಯೊಂದನ್ನು ಒಳಗಿಟ್ಟುಕೊಂಡವರು. ಇನ್ನೂ ಕೆಲವರಿದ್ದಾರೆ. ಅವರಿಗೆ ಯಾರ ಮೇಲೂ ಅಂಥ ಆಸೆ ಹುಟ್ಟಿದ್ದೇ ಇಲ್ಲ. ಪ್ರಶ್ನೆಗೆ ಏಳು ಭಾಷೆ ಇರುವ ಊರಿನಲ್ಲಿ ಅವರ ಉತ್ತರಕ್ಕೆ ಒಂದು ಪದವೂ ಇಲ್ಲ.

ಅಂಥವರಿಗೆ ಮಾತು ಸಿಗಬಹುದಾದ ಒಂದು ಜಾಗ ಜಪಾನಿನ ಪ್ರೇಮಕಥೆಗಳು. ಅದೂ ಪ್ರೀತಿಯನ್ನೇ ಬಂಡವಾಳ ಮಾಡಿಕೊಂಡ ಮಂಗಾಗಳು ಎಂಬುದೇ ಇಲ್ಲಿ ಬರೆಯಲು ಕಾರಣ.

ಎದೆ ಢವಢವ ಎನ್ನದವಳು

ಮಂಗಾ ಎಂದರೆ ಜಪಾನಿನ ಚಿತ್ರಕಥೆ. ನಮ್ಮ 'ಸುಧಾ', 'ತರಂಗ'ಗಳಲ್ಲಿ ಕಾದಂಬರಿಗಳು ವಾರವಾರ ಧಾರಾವಾಹಿಯಾಗಿ ಬಂದು ಆಮೇಲೆ ಪುಸ್ತಕವಾಗುತ್ತಿದ್ದವಲ್ಲ, ಹಾಗೆಯೇ ಅಲ್ಲಿ ಚಿತ್ರಕಥೆಗಳು ಪತ್ರಿಕೆಯಲ್ಲಿ ಬಂದು ಸಂಪುಟಗಳಾಗುತ್ತವೆ. ಓದುವುದು ಬಲದಿಂದ ಎಡಕ್ಕೆ. ಮದ್ರಸದಲ್ಲಿ ಅರಬಿ ಕಲಿತ ನಮ್ಮೂರಿನ ಮಕ್ಕಳಿಗೆ ಅದೇನೂ ಕಷ್ಟವಲ್ಲ, ನಮಗೆ ಮಾತ್ರ ಮೊದಲ ಹತ್ತು ಪುಟ ತಡವರಿಸುತ್ತದೆ. ಹುಡುಗಿಯರಿಗೆಂದೇ ಅಲ್ಲಿ 1954ರಲ್ಲಿ 'ನಕಯೋಶಿ', 1955ರಲ್ಲಿ 'ರಿಬೋನ್' ಎಂಬ ಪತ್ರಿಕೆಗಳು ಶುರುವಾದವು. ಇಂಥ ಪತ್ರಿಕೆಗಳಲ್ಲೇ ಪ್ರೇಮಮಂಗಾಗೆ ಒಂದು ಕಟ್ಟುಪಾಡು ಬೆಳೆಯಿತು. ಹುಡುಗನೋ ಹುಡುಗಿಯೋ ಧೈರ್ಯ ತಂದುಕೊಂಡು 'ನೀನೆಂದರೆ ಇಷ್ಟ' ಎಂದು ಹೇಳುವ ಗಳಿಗೆಗಾಗಿ ಇಡೀ ಕಥೆ ಕಾಯುತ್ತದೆ. ಆ ಗಳಿಗೆಯಲ್ಲಿ ಚಿತ್ರದ ಹಿಂದೆ ಹೂ ಅರಳುತ್ತವೆ, ಎದೆಬಡಿತವನ್ನು 'ದೋಕಿ ದೋಕಿ' ಎಂದು ಅಕ್ಷರದಲ್ಲೇ ಬಿಡಿಸುತ್ತಾರೆ. ನಮ್ಮ ಢವಢವದ ಹಾಗೆ.

ಈ ಕಟ್ಟುಪಾಡನ್ನು ಚೆನ್ನಾಗಿ ಬಲ್ಲವಳೇ ಯೂ ಕೊಯಿತೊ. ನಕತಾನಿ ನಿಯೊ 2015ರಿಂದ 2019ರ ತನಕ ಬರೆದು ಚಿತ್ರಿಸಿದ, ಎಂಟು ಸಂಪುಟಗಳ 'ಬ್ಲೂಮ್ ಇನ್‌ಟು ಯೂ' ಎಂಬ ಕಥೆಯ ನಾಯಕಿ. ಪ್ರೇಮಮಂಗಾ ಓದಿ, ಪ್ರೇಮಗೀತೆ ಕೇಳಿ ಬೆಳೆದ ಹುಡುಗಿ. ಆ ಹಾಡುಗಳ ಮಾತೆಲ್ಲ ಅವಳಿಗೆ ನಿಘಂಟಿಲ್ಲದೆ ಅರ್ಥವಾಗುತ್ತವೆ, ಆದರೆ ತನ್ನವಾಗುವುದಿಲ್ಲ. ಶಾಲೆ ಮುಗಿಯುವ ದಿನ ಒಬ್ಬ ಒಳ್ಳೆಯ ಹುಡುಗ ಬಂದು ತನ್ನ ಮನಸ್ಸು ಹೇಳುತ್ತಾನೆ. ಈಗ ರೆಕ್ಕೆ ಮೂಡುತ್ತದೆ ಎಂದು ಅವಳು ಕಾಯುತ್ತಾಳೆ. ಏನೂ ಆಗುವುದಿಲ್ಲ. ಕಾಲು ನೆಲದಲ್ಲೇ ಇರುತ್ತದೆ.

ಹೈಸ್ಕೂಲಿನಲ್ಲಿ ಅವಳಿಗೆ ನನಾಮಿ ಎಂಬ ಹಿರಿಯ ವಿದ್ಯಾರ್ಥಿನಿ ಸಿಗುತ್ತಾಳೆ. ಯಾರು ಬಂದು ಏನು ಹೇಳಿದರೂ ನನ್ನ ಎದೆ ಮಿಡಿದಿಲ್ಲ ಎನ್ನುವವಳು. ಯೂಗೆ ಜೀವ ಬಂದಂತಾಗುತ್ತದೆ. ತನ್ನ ಹಾಗಿನ ಇನ್ನೊಬ್ಬಳು! ಹುಡುಗನಿಗೆ ಫೋನಿನಲ್ಲಿ ಒಲ್ಲೆ ಎಂದು ಹೇಳುವಾಗ ನನಾಮಿ ಅವಳ ಕೈ ಹಿಡಿದು ಧೈರ್ಯ ಕೊಡುತ್ತಾಳೆ. ಫೋನ್ ಇಟ್ಟ ಮೇಲೂ ಕೈ ಬಿಡುವುದಿಲ್ಲ. ನನಗೆ ನಿನ್ನ ಮೇಲೆ ಮನಸ್ಸಾಗುತ್ತಿದೆ ಎನ್ನುತ್ತಾಳೆ. ಬೇರೆ ಕಥೆಯಲ್ಲಾದರೆ ಇಲ್ಲಿ ಹೂ ಅರಳಬೇಕಿತ್ತು. ಯೂಗೆ ಆಗುವುದು ಒಂಟಿತನ. ಜತೆಗಾರ್ತಿ ಎಂದುಕೊಂಡವಳು ಒಂದೇ ಗಳಿಗೆಯಲ್ಲಿ ಆಚೆ ದಡಕ್ಕೆ ದಾಟಿಹೋದಳಲ್ಲ ಎಂಬ ಒಂಟಿತನ. ನಾನು ಓದಿದ ಪ್ರೇಮಕಥೆಗಳಲ್ಲಿ ಇಷ್ಟು ಸೂಕ್ಷ್ಮವಾದ ಜಾಗ ಕಡಿಮೆ.

ಕೊನೆಗೆ ಯೂ ನನಾಮಿಯನ್ನು ಪ್ರೀತಿಸುತ್ತಾಳೆ. ತಡವಾಗಿ, ತನ್ನದೇ ರೀತಿಯಲ್ಲಿ. ಅದು ಸುಳ್ಳು ಎನ್ನಲಾಗದು, ಹಾಗೆ ತಡವಾಗಿ ಬರುವವರೂ ಇದ್ದಾರೆ. ಆದರೆ ಇದೊಂದೇ ಕಥೆ ಇದ್ದಿದ್ದರೆ ಅದು ಹೋಳಿಗೆ ಬಡಿಸುವ ಅತ್ತೆಯ ಮಾತಾಗಿಬಿಡುತ್ತಿತ್ತು: ಕಾದರೆ ಬರುತ್ತದೆ. ಲೇಖಕಿಗೆ ಇದು ಗೊತ್ತಿತ್ತೆಂದು ನನಗನಿಸುತ್ತದೆ. ಯಾಕೆಂದರೆ ಅದೇ ಕಥೆಯಲ್ಲಿ ಮಾಕಿ ಎಂಬ ಹುಡುಗನಿದ್ದಾನೆ. ಬೇರೆಯವರ ಪ್ರೇಮದ ಕಷ್ಟಸುಖ ಕೇಳುವುದೆಂದರೆ ಅವನಿಗೆ ಇಷ್ಟ. ಒಮ್ಮೆ ಒಬ್ಬಳು ಅವನಿಗೇ ಮನಸ್ಸು ಹೇಳಿದಾಗ ರಂಗದ ಮೇಲಿನ ಪಾತ್ರ ಇಳಿದು ಬಂದು ಪ್ರೇಕ್ಷಕನ ಕೈ ಎಳೆದಂತೆ ಅವನಿಗೆ ಕಸಿವಿಸಿಯಾಗಿತ್ತು. ತಾನು ನೋಡುವವನು, ವೇಷ ಕಟ್ಟುವವನಲ್ಲ ಎಂದು ಅವನಿಗೆ ಗೊತ್ತು. ಯಕ್ಷಗಾನದ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರಾತ್ರಿಯಿಡೀ ಆಟ ನೋಡಿ ತಣಿದು ಬೆಳಗ್ಗೆ ಮನೆಗೆ ಹೋಗುವವನಿಗೆ ಗೆಜ್ಜೆ ಕಟ್ಟಲಿಲ್ಲ ಎಂಬ ಕೊರಗು ಇರುವುದಿಲ್ಲ. ಮಾಕಿ ಕೊನೆಯ ಸಂಪುಟದ ತನಕ ಹಾಗೆಯೇ ಇರುತ್ತಾನೆ. ಯಾರೂ ಅವನಿಗೆ ಜೋಡಿ ಹುಡುಕುವುದಿಲ್ಲ.

ಹೈಡ್ರಾದ ಪದ, ಮನುಷ್ಯರ ಪಾಡು

ಈಗ ಎರಡು ಪದಗಳು. ಯಾರ ಮೇಲೂ ದೇಹದ ಆಕರ್ಷಣೆ ಹುಟ್ಟದವರನ್ನು, ಅಥವಾ ತೀರಾ ಅಪರೂಪಕ್ಕೆ ಹುಟ್ಟುವವರನ್ನು ಅಸೆಕ್ಶುವಲ್ ಎನ್ನುತ್ತಾರೆ. ಯಾರ ಮೇಲೂ ಪ್ರೇಮ ಮೂಡದವರು ಅರೋಮ್ಯಾಂಟಿಕ್. ಇವೆರಡೂ ಒಬ್ಬರಲ್ಲೇ ಇರಬೇಕೆಂದಿಲ್ಲ. ಪ್ರೇಮಿಸುತ್ತಾರೆ, ಜತೆಯಾಗಿ ಬಾಳುವ ಹಂಬಲವಿದೆ, ಆದರೆ ಹಾಸಿಗೆಯ ಆಸೆಯಿಲ್ಲ ಎನ್ನುವವರಿದ್ದಾರೆ. ಇದರ ತಿರುಗುಮುರುಗು ಇರುವವರೂ ಇದ್ದಾರೆ. ಎರಡೂ ಇಲ್ಲದವರು ಮಂಕಾಗಿ ಕೂತಿರುತ್ತಾರೆ ಎಂದೇನಲ್ಲ. ಗೆಳೆತನ, ಮಕ್ಕಳ ಮೇಲಿನ ಅಕ್ಕರೆ, ಸಿಟ್ಟು, ಭಕ್ತಿ, ಹಾಡಿನ ಹುಚ್ಚು ಎಲ್ಲ ಅವರಲ್ಲೂ ಉಂಟು.

ಕನ್ನಡದಲ್ಲಿ ಅಸೆಕ್ಶುವಲ್‌ಗೆ 'ಅಲೈಂಗಿಕ' ಎಂದು ಬರೆಯುವವರಿದ್ದಾರೆ. ನನಗೆ ಆ ಪದ ಒಗ್ಗುವುದಿಲ್ಲ. ಕನ್ನಡ ಮಾಧ್ಯಮದಲ್ಲಿ ಜೀವಶಾಸ್ತ್ರ ಓದಿದ ಯಾರಿಗಾದರೂ ಅಲೈಂಗಿಕ ಎಂದ ಕೂಡಲೇ ನೆನಪಾಗುವುದು ಸಂತಾನೋತ್ಪತ್ತಿಯ ಪಾಠ. ಮೊಗ್ಗು ಬಿಡುವ ಹೈಡ್ರಾ, ಎರಡಾಗಿ ಒಡೆಯುವ ಅಮೀಬಾ, ಎಲೆಯ ಅಂಚಿನಲ್ಲೇ ಸಸಿ ಮೂಡಿಸುವ ಕಾಡುಬಸಳೆ. ತನ್ನ ಮನಸ್ಸಿಗೊಂದು ಹೆಸರು ಹುಡುಕುವ ಹುಡುಗಿಗೆ ಅಮೀಬಾದ ಹೆಸರು ಕೊಡುವುದು ಸರಿಯೇ? ಜಪಾನಿನವರೂ ಇಂಗ್ಲಿಷ್ ಪದವನ್ನೇ ತಮ್ಮ ಲಿಪಿಯಲ್ಲಿ ಬರೆದುಕೊಂಡು, ಬಾಯಿಗೆ ಸುಲಭವಾಗಲೆಂದು 'ಅಸೆಕು' ಎಂದು ತುಂಡು ಮಾಡಿಕೊಂಡಿದ್ದಾರೆ. ನಾವು ಸದ್ಯಕ್ಕೆ ಅದೇ ದಾರಿ ಹಿಡಿದರೆ ತಪ್ಪಿಲ್ಲ.

ಇದು ಹೊಸ ಕಾಲದ ಶೋಕಿ ಎಂದು ಹೇಳುವವರಿಗೆ ಒಂದೆರಡು ಸಂಗತಿ. ಅಮೆರಿಕದ ಆಲ್ಫ್ರೆಡ್ ಕಿನ್ಸಿ 1948ರಷ್ಟು ಹಿಂದೆಯೇ ಲೈಂಗಿಕತೆಯ ಅಧ್ಯಯನದಲ್ಲಿ ತಮ್ಮ ಅಳತೆಪಟ್ಟಿಗೆ ಸೇರದವರಿಗಾಗಿ 'ಎಕ್ಸ್' ಎಂಬ ಗುಂಪನ್ನು ಬೇರೆ ಇಟ್ಟಿದ್ದರು. 2004ರಲ್ಲಿ ಆಂಟನಿ ಬೊಗಾರ್ಟ್ ಎಂಬ ಸಂಶೋಧಕರು ಬ್ರಿಟನ್ನಿನ 18,000ಕ್ಕೂ ಹೆಚ್ಚು ಜನರ ಸಮೀಕ್ಷೆಯನ್ನು ನೋಡಿದಾಗ ನೂರರಲ್ಲಿ ಒಬ್ಬರಷ್ಟು ಮಂದಿ ಯಾರ ಮೇಲೂ ಲೈಂಗಿಕ ಆಕರ್ಷಣೆ ಹುಟ್ಟಿದ್ದೇ ಇಲ್ಲ ಎಂದು ಉತ್ತರಿಸಿದ್ದರು. ಮನೋವೈದ್ಯರು ರೋಗನಿರ್ಣಯಕ್ಕೆ ಬಳಸುವ ಅಮೆರಿಕದ ಕೈಪಿಡಿಯ 2013ರ ಆವೃತ್ತಿ, ತಾನು ಅಸೆಕ್ಶುವಲ್ ಎಂದು ಹೇಳಿಕೊಳ್ಳುವವರಿಗೆ ಆಸಕ್ತಿ ಕೊರತೆಯ ಕಾಯಿಲೆ ಎಂಬ ಹಣೆಪಟ್ಟಿ ಹಚ್ಚಬಾರದೆಂದು ಹೇಳಿತು.

ಇಷ್ಟು ತಿಳಿದ ಮೇಲೂ ಮನೆಗಳಲ್ಲಿ ಒಂದು ಎಡವಟ್ಟು ಉಳಿದೇ ಇರುತ್ತದೆ. ಹುಡುಗಿ 'ನನಗೆ ಹಾಗೆ ಅನಿಸುವುದಿಲ್ಲ' ಎನ್ನುತ್ತಾಳೆ. ಮನೆಯವರ ಕಿವಿಗೆ ಅದು 'ನನಗೆ ಬೇಡ' ಎಂದು ಬೀಳುತ್ತದೆ. ಬೇಡ ಎಂದರೆ ಹಟ. ಹಟವಾದರೆ ಕರಗಿಸಬಹುದು, ಬೆದರಿಸಬಹುದು, ಅಮ್ಮನ ಬಿಪಿ ತೋರಿಸಿ ಒಪ್ಪಿಸಬಹುದು. 'ಬರುವುದಿಲ್ಲ' ಎಂಬುದಕ್ಕೆ ಅದರಲ್ಲಿ ಯಾವುದೂ ತಾಗುವುದಿಲ್ಲ.

ಭೀಷ್ಮನ ಬೇಡ, ಋಷ್ಯಶೃಂಗನ ಮಳೆ

ನಮ್ಮಲ್ಲಿ ಬ್ರಹ್ಮಚಾರಿಗಳಿಗೆ ಬರವೇ ಎಂದು ಕೇಳಬಹುದು. ಪಾರ್ತಿಸುಬ್ಬನ ಕುಂಬಳೆಯಲ್ಲಿ, ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಅರ್ಥಗಾರಿಕೆ ಕೇಳಿ ಬೆಳೆದ ಊರಲ್ಲಿ, ಭೀಷ್ಮನೂ ಅಂಬೆಯೂ ವಾದಕ್ಕಿಳಿದ ತಾಳಮದ್ದಳೆಗಳನ್ನು ನೆನಪಿಟ್ಟವರು ಬಹಳ ಮಂದಿ. ಆದರೆ ಭೀಷ್ಮನದು ಪ್ರತಿಜ್ಞೆ. ಅಪ್ಪನಿಗಾಗಿ ಬಿಟ್ಟದ್ದು, ಅದಕ್ಕೇ ಅದು ದೊಡ್ಡದು. ಏಕಾದಶಿಗೆ ಉಪವಾಸ ಕೂತವರಿಗೂ ಹಸಿವು ಉಂಟಲ್ಲ. ಅಕ್ಕಮಹಾದೇವಿ ಕೌಶಿಕನನ್ನು ಒಲ್ಲೆ ಎಂದಳು ನಿಜ, ಆದರೆ ಅವಳು ಚೆನ್ನಮಲ್ಲಿಕಾರ್ಜುನನ ಪ್ರೀತಿಯಲ್ಲಿ ಮುಳುಗಿದವಳು. ಅವಳನ್ನು ಈ ಸಾಲಿಗೆ ಎಳೆದು ತರುವುದು ಅವಳಿಗೇ ಮಾಡುವ ಅನ್ಯಾಯ.

ಎಂ. ಕೆ. ಇಂದಿರಾ ಅವರ 'ಫಣಿಯಮ್ಮ' (1976) ಇನ್ನೊಂದು ತೆರ. ಪ್ರೇಮಾ ಕಾರಂತರು 1983ರಲ್ಲಿ ಅದನ್ನು ಸಿನಿಮಾ ಮಾಡಿದರು. ಬಾಲ್ಯದಲ್ಲೇ ವಿಧವೆಯಾಗಿ, ಮದುವೆ ಎಂದರೇನೆಂದು ತಿಳಿಯುವ ಮೊದಲೇ ಅದರಿಂದ ಹೊರಬಿದ್ದು, ಬಹುಕಾಲ ಬದುಕಿದ ಹೆಣ್ಣು ಆಕೆ. ಅಂಥ ಹೆಂಗಸರಲ್ಲಿ ಆಸೆ ಇದ್ದೂ ಅದುಮಿಕೊಂಡವರೆಷ್ಟು, ಆಸೆಯೇ ಮೂಡದೆ ನೆಮ್ಮದಿಯಿಂದ ಇದ್ದವರೆಷ್ಟು ಎಂದು ಹೇಳುವಂತಿಲ್ಲ. ಅವರನ್ನು ಯಾರೂ ಕೇಳಲೇ ಇಲ್ಲ.

ನನಗೆ ಹೆಚ್ಚು ಕಾಡುವುದು ಋಷ್ಯಶೃಂಗನ ಕಥೆ. ಕಾಡಿನಲ್ಲಿ ಅಪ್ಪನೊಬ್ಬನನ್ನೇ ಕಂಡು ಬೆಳೆದ ಮುನಿಕುಮಾರ. ಅಂಗರಾಜ್ಯದಲ್ಲಿ ಬರ ಬಿದ್ದಾಗ ಹೆಣ್ಣುಗಳನ್ನು ಕಳಿಸಿ ಅವನನ್ನು ಒಲಿಸಿ ಕರೆತರುತ್ತಾರೆ. ಅವನು ಕಾಲಿಟ್ಟಲ್ಲಿ ಮಳೆ ಸುರಿಯುತ್ತದೆ, ರಾಜಕುಮಾರಿ ಶಾಂತೆಯೊಂದಿಗೆ ಮದುವೆಯಾಗುತ್ತದೆ. ಶೃಂಗೇರಿಯ ಹತ್ತಿರದ ಕಿಗ್ಗದಲ್ಲಿ ಈಗಲೂ ಮಳೆ ಬೇಕೆಂದೂ, ಮಳೆ ಸಾಕೆಂದೂ ಋಷ್ಯಶೃಂಗೇಶ್ವರನಿಗೆ ಹರಕೆ ಹೊರುತ್ತಾರೆ. ಸುಂದರವಾದ ಕಥೆ. ಆದರೆ ಅದರ ಒಳಗೊಂದು ನಂಬಿಕೆ ಕೂತಿದೆ: ಆಸೆಯಿಲ್ಲದವನೆಂದರೆ ಇನ್ನೂ ಕಾಣದವನು, ಕಂಡರೆ ಸರಿಹೋಗುತ್ತಾನೆ, ಊರಿಗೂ ಮಳೆ ಬರುತ್ತದೆ. 'ಒಂದು ಮದುವೆ ಮಾಡಿ ನೋಡಿ, ಎಲ್ಲ ಸರಿಯಾಗುತ್ತದೆ' ಎಂಬ ಮಾತು ಎಷ್ಟು ಹಳೆಯದು ನೋಡಿ.

ಗೋಡೆಯಾಗುವ ಆಸೆ

ಜಪಾನಿನಲ್ಲೂ ಪ್ರೇಮ ಬಾರದವರನ್ನು ಯಂತ್ರದಂತೆಯೋ ಕಲ್ಲುಮನಸ್ಸಿನವರಂತೆಯೋ ತೋರಿಸುವ ಕಥೆಗಳು ಬೇಕಾದಷ್ಟಿವೆ. ಅದನ್ನು ಮುರಿದ ಮೂರು ಪುಸ್ತಕಗಳನ್ನು ಹೇಳುತ್ತೇನೆ. ಮೂರೂ ಇಂಗ್ಲಿಷಿಗೆ ಬಂದಿವೆ.

ಮೊದಲನೆಯದು ಯೂಹ್ಕಿ ಕಮತಾನಿ ಅವರ 'ಅವರ್ ಡ್ರೀಮ್ಸ್ ಆ್ಯಟ್ ಡಸ್ಕ್', 2015ರಿಂದ 2018ರ ತನಕ ಬಂದ ನಾಲ್ಕು ಸಂಪುಟ. ಕಥೆ ನಡೆಯುವುದು ಹಿರೋಶಿಮಾ ಪ್ರಾಂತ್ಯದ ಒನೊಮಿಚಿ ಎಂಬ ಕಡಲ ಬದಿಯ ಊರಿನಲ್ಲಿ. ಗುಡ್ಡದ ಮೈಗೆ ಅಂಟಿದ ಓಣಿಗಳು, ಜನ ಬಿಟ್ಟುಹೋದ ಹಳೆಯ ಮನೆಗಳು. ತಾನು ಗೇ ಎಂಬುದು ಸಹಪಾಠಿಗಳಿಗೆ ಗೊತ್ತಾಯಿತೆಂದು ಬದುಕೇ ಬೇಡವೆನಿಸಿದ ಹುಡುಗನ ಕಣ್ಣೆದುರು ಯಾರೋ ಎತ್ತರದಿಂದ ಹಾರುತ್ತಾರೆ. ಓಡಿ ಹೋಗಿ ನೋಡಿದರೆ ಆ ವ್ಯಕ್ತಿ ಆರಾಮವಾಗಿ ನಿಂತಿದ್ದಾರೆ. ಅವರ ಹೆಸರೇ 'ಯಾರೋ'. ಜಪಾನಿ ಮಾತಿನಲ್ಲಿ 'ದಾರೆಕಾ-ಸಾನ್'. ಅವರು ನಡೆಸುವ ಹರಟೆಕೋಣೆಯಲ್ಲಿ ಯಾರು ಬೇಕಾದರೂ ಬಂದು ಕೂರಬಹುದು, ಯಾರೂ ಕೆದಕಿ ಕೇಳುವುದಿಲ್ಲ. ಆ 'ಯಾರೋ' ಅಸೆಕ್ಶುವಲ್ ಎಂಬುದು ಕಥೆ ಬಹಳ ದೂರ ಸಾಗಿದ ಮೇಲೆ ತಿಳಿಯುತ್ತದೆ. ಕಮತಾನಿ ಕೂಡ ತಾನು ಅಸೆಕ್ಶುವಲ್ ಎಂದು ಬಹಿರಂಗವಾಗಿ ಹೇಳಿಕೊಂಡವರು. ಕೆದಕದೆ ಇರುವುದನ್ನು ಅಷ್ಟು ಮಮತೆಯಿಂದ ಚಿತ್ರಿಸಲು ಅದೇ ಕಾರಣ ಇರಬಹುದು.

ಎರಡನೆಯದು ಹೊನಾಮಿ ಶಿರೊನೊ ಅವರ 'ಐ ವಾಂಟ್ ಟು ಬಿ ಅ ವಾಲ್', ಮೂರು ಸಂಪುಟ. ಗಂಡುಗಂಡಿನ ಪ್ರೇಮಕಥೆಗಳಿಗೆಂದೇ ಜಪಾನಿನಲ್ಲಿ ದೊಡ್ಡ ಓದುಗ ಬಳಗವಿದೆ, ಅದರಲ್ಲಿ ಹೆಂಗಸರೇ ಹೆಚ್ಚು. ಆ ಜೋಡಿಗಳನ್ನು ಅವರಿಗೆ ತಿಳಿಯದಂತೆ ನೋಡುತ್ತಿರಬೇಕು, ಅವರ ಕೋಣೆಯ ಗೋಡೆಯಾಗಿಬಿಡಬೇಕು ಎಂಬುದು ಆ ಬಳಗದ ರೂಢಿಮಾತು. ಯುರಿಕೊ ಅಂಥ ಓದುಗಾರ್ತಿ, ಅಸೆಕ್ಶುವಲ್. ಅಪ್ಪ ಅಮ್ಮನ ನೆಮ್ಮದಿಗಾಗಿ ಅವಳು ಮದುವೆಯಾಗುವುದು ಗಕುರೋತಾ ಎಂಬ ಗೇ ಯುವಕನನ್ನು. ಅವನಿಗೋ ಬಾಲ್ಯದ ಗೆಳೆಯನ ಮೇಲೆ ಹೇಳಲಾಗದ ಪ್ರೀತಿ. ಒಬ್ಬರಿಗೊಬ್ಬರು ಸುಳ್ಳು ಹೇಳದೆ ಕಟ್ಟಿಕೊಂಡ ಮನೆ ಅದು. ಸಂಜೆ ಊಟ ಮಾಡುತ್ತ ಇಬ್ಬರೂ ಮಾತಾಡುವ ಪುಟಗಳಲ್ಲಿ ನನಗೆ ಕಂಡದ್ದು ದಾಂಪತ್ಯವೇ. ಪ್ರಣಯವಿಲ್ಲದ ಕಾರಣಕ್ಕೆ ಅದನ್ನು ನಾಟಕವೆನ್ನಲು ಮನಸ್ಸು ಬಾರದು. ಮನೆಯವರಿಗೆ ನಿಜ ಹೇಳುವ ಧೈರ್ಯವಿದ್ದಿದ್ದರೆ ಈ ಮದುವೆ ಬೇಕಿತ್ತೇ ಎಂಬ ಮುಳ್ಳೂ ಅಲ್ಲೇ ಇದೆ.

ಮೂರನೆಯದು ಉತಾ ಇಸಾಕಿ ಅವರ 'ಈಸ್ ಲವ್ ದಿ ಆನ್ಸರ್?' ಯಾರನ್ನೂ ಪ್ರೇಮಿಸಲಾಗದ ನಾನು ಬೇರೆ ಗ್ರಹದವಳೇ ಇರಬೇಕು ಎಂದುಕೊಂಡ ಚಿಕಾ, ಯೂನಿವರ್ಸಿಟಿಗೆ ಸೇರಿದ ಮೇಲೆ ತನ್ನ ಹಾಗೆ ಲೆಕ್ಕಕ್ಕೆ ಸಿಗದ ಇನ್ನಷ್ಟು ಜನರನ್ನು ಕಾಣುತ್ತಾಳೆ. ಚಿಕ್ಕ ಪುಸ್ತಕ. ಮೊದಲು ಓದುವವರು ಇದರಿಂದಲೇ ಶುರು ಮಾಡಬಹುದು.

ಪುಸ್ತಕದಿಂದ ಟಿವಿಗೂ ಈ ಮಾತು ದಾಟಿತು. ಜಪಾನಿನ ಸಾರ್ವಜನಿಕ ವಾಹಿನಿ ಎನ್‌ಎಚ್‌ಕೆ 2022ರ ಆರಂಭದಲ್ಲಿ 'ಕೊಯಿಸೆನು ಫುತಾರಿ' ಎಂಬ ಧಾರಾವಾಹಿ ಪ್ರಸಾರ ಮಾಡಿತು. ಪ್ರೇಮಿಸದ ಇಬ್ಬರು ಎಂದು ಅರ್ಥ. ಪ್ರೇಮವೂ ಕಾಮವೂ ಬಾರದ ಒಬ್ಬ ಹೆಣ್ಣು, ಒಬ್ಬ ಗಂಡು ಒಂದೇ ಮನೆಯಲ್ಲಿ ಕುಟುಂಬವಾಗಿ ಇರಲು ನೋಡುವ ಕಥೆ. ಬರೆದ ಎರಿಕಾ ಯೊಶಿದಾ ಅವರಿಗೆ ಅಲ್ಲಿನ ಪ್ರತಿಷ್ಠಿತ ಮುಕೊದಾ ಕುನಿಕೊ ಪ್ರಶಸ್ತಿ ಬಂತು.

ಕಾನೂನಿಗೆ ಕಾಣುವ ಎರಡು ಕಾರಣ

ಇದೆಲ್ಲ ಕಥೆಯ ಮಾತಾಯಿತು. ನಮ್ಮಲ್ಲಿ ಒತ್ತಾಯದ ಮದುವೆ ಮುರಿದಾಗ ವಿಷಯ ಕೋರ್ಟಿಗೆ ಹೋಗುತ್ತದೆ. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ದೈಹಿಕ ಸಂಬಂಧ ಇಲ್ಲದ್ದಕ್ಕೆ ಎರಡು ದಾರಿ. 12ನೇ ಸೆಕ್ಷನ್ ಪ್ರಕಾರ ಸಂಗಾತಿಯ ನಪುಂಸಕತೆಯಿಂದ ಸಂಬಂಧ ನಡೆಯದಿದ್ದರೆ ಮದುವೆಯನ್ನು ಅನೂರ್ಜಿತಗೊಳಿಸಬಹುದು. ಶಕ್ತಿಯಿದ್ದೂ ಸಕಾರಣವಿಲ್ಲದೆ ಬಹುಕಾಲ ನಿರಾಕರಿಸಿದರೆ ಅದು ಮಾನಸಿಕ ಕ್ರೌರ್ಯವಾಗಬಹುದು ಎಂದು ಸುಪ್ರೀಂ ಕೋರ್ಟ್ 2007ರ ಸಮರ್ ಘೋಷ್ ಪ್ರಕರಣದಲ್ಲಿ ಹೇಳಿದೆ, ಅದು ವಿಚ್ಛೇದನಕ್ಕೆ ಕಾರಣ. ಅಂದರೆ ಕಾನೂನಿಗೆ ಕಾಣುವುದು 'ಆಗದು' ಮತ್ತು 'ಬೇಡ'. 'ಬರುವುದಿಲ್ಲ' ಎಂಬವರು ಈ ಎರಡರಲ್ಲಿ ಒಂದರ ಅಡಿ ನಿಲ್ಲಬೇಕು. ಒಂದು ಕಡೆ ರೋಗಿ, ಇನ್ನೊಂದು ಕಡೆ ಕ್ರೂರಿ.

ಕರ್ನಾಟಕ ಹೈಕೋರ್ಟಿನ ಮುಂದೆ ಬಂದ ಒಂದು ಪ್ರಕರಣದಲ್ಲಿ ಗಂಡ ಆಧ್ಯಾತ್ಮಿಕ ಕಾರಣಕ್ಕೆ ಹೆಂಡತಿಯನ್ನು ಮುಟ್ಟಿರಲಿಲ್ಲ. ಅವನದು ನಿಜಕ್ಕೂ 'ಬೇಡ'. ಅವಳು ಕ್ರೌರ್ಯದ ಕ್ರಿಮಿನಲ್ ದೂರು ಕೊಟ್ಟಳು. ಇದು ವಿವಾಹ ಕಾಯ್ದೆಯಡಿ ಕ್ರೌರ್ಯವಾದೀತು, ಆದರೆ ಆಗ ಜಾರಿಯಲ್ಲಿದ್ದ ದಂಡಸಂಹಿತೆಯ 498ಎ ಅಡಿ ಅಪರಾಧವಲ್ಲ ಎಂದು ಹೈಕೋರ್ಟ್ 2023ರ ಜೂನ್‌ನಲ್ಲಿ ಆ ದೂರನ್ನು ರದ್ದು ಮಾಡಿತು. ಅಷ್ಟರಲ್ಲಿ ಆ ಮದುವೆಯೇ ಅನೂರ್ಜಿತವಾಗಿತ್ತು. ಆ ಹೆಣ್ಣಿನ ದುಃಖ ಸಣ್ಣದಲ್ಲ. ಮದುವೆಗೆ ಮೊದಲು ಯಾರೂ ಬಾಯಿ ಬಿಡದ ಒಂದು ಮಾತಿಗೆ ಇನ್ನೊಬ್ಬರ ಮಗಳು ಬೆಲೆ ತೆರಬೇಕಾಗುತ್ತದೆ. ಆಸೆ ಬಾರದ ಹುಡುಗನಿಗೆ ಹೆಣ್ಣು ನೋಡಲು ಹೊರಡುವ ಮನೆಗಳು ಇದನ್ನು ಯೋಚಿಸಬೇಕು ಎಂದು ಕೈಮುಗಿದು ಹೇಳಬೇಕೆನಿಸುತ್ತದೆ.

ತರವಾಡಿನ ಮೂಲೆಯ ಕೋಣೆ

ಹಿಂದೆ ಈ ಊರಿನ ಕೆಲವು ಮನೆಗಳಲ್ಲಿ ಮದುವೆಯಾಗದವರಿಗೂ ಜಾಗವಿತ್ತು. ಬಂಟರು, ಬಿಲ್ಲವರ ಅಳಿಯಸಂತಾನ, ನಾಯರ್, ತೀಯ್ಯರ ಮರುಮಕ್ಕತ್ತಾಯ ಪದ್ಧತಿಯಲ್ಲಿ ಹಕ್ಕು ಬರುವುದು ತಾಯಿಯ ಕಡೆಯಿಂದ. ಗಂಡ ಇರಲಿ ಇಲ್ಲದಿರಲಿ, ಹೆಂಡತಿ ಇರಲಿ ಇಲ್ಲದಿರಲಿ, ಹುಟ್ಟಿದ ತರವಾಡಿನಲ್ಲಿ ಅನ್ನ ಉಂಟು, ಕೋಣೆ ಉಂಟು, ಅಕ್ಕನ ಮಕ್ಕಳ ಮೇಲೆ ಮಾವನ ಅಧಿಕಾರ ಉಂಟು. ಕೇರಳದ 1975ರ ಕಾಯ್ದೆ 1976ರ ಡಿಸೆಂಬರ್ 1ರಿಂದ ಜಾರಿಗೆ ಬಂದು ಆ ಅವಿಭಕ್ತ ಕುಟುಂಬಗಳನ್ನು ಕೊನೆಗೊಳಿಸಿತು, ಆಸ್ತಿ ಪಾಲಾಯಿತು. ಆ ಕಾಲವೇ ಚೆನ್ನಾಗಿತ್ತು ಎನ್ನಲಾರೆ. ಅಲ್ಲಿ ಜಾಗ ಇದ್ದರೂ ಮಾತಿರಲಿಲ್ಲ. ಈಗಿನ ಎರಡು ಕೋಣೆಯ ಮನೆಗಳಲ್ಲಿ ಗಂಡಹೆಂಡತಿ ಎಂಬ ಜೋಡಿ ಬಿಟ್ಟರೆ ಕುಟುಂಬ ಎನ್ನಲು ಬೇರೆ ಆಕಾರವೇ ಇಲ್ಲವಾಗಿದೆ. ಮದುವೆಯಾಗದ ಮಗಳನ್ನು ಕಂಡರೆ ಅಮ್ಮನಿಗೆ ಹೆದರಿಕೆಯಾಗುವುದು ಇದಕ್ಕೇ: ನಾವು ಹೋದ ಮೇಲೆ ಇವಳಿಗೆ ಯಾರು? ಆ ಹೆದರಿಕೆಯಲ್ಲಿ ಪ್ರೀತಿ ಇದೆ. ಯುರಿಕೊಳ ಮನೆಯೂ ಎನ್‌ಎಚ್‌ಕೆ ಧಾರಾವಾಹಿಯ ಮನೆಯೂ ಹುಡುಕುತ್ತಿರುವುದು ಅದೇ ಪ್ರಶ್ನೆಗೆ ಉತ್ತರವನ್ನು.

ಯೂ ಕೊಯಿತೊ ನಿಘಂಟಿಲ್ಲದೆ ಅರ್ಥವಾಗುವ, ಆದರೆ ತನ್ನದಾಗದ ಮಾತುಗಳ ನಡುವೆ ನಿಂತಿದ್ದಳು. ಹೋಳಿಗೆಯ ಎಲೆಯ ಮುಂದೆ ಕೂತ ಹುಡುಗಿಗೆ ಬೇಕಾದ ಮಾತು ಬಹುಶಃ ಅಷ್ಟು ದೂರವಿಲ್ಲ. ನಮ್ಮ ಭಾಷೆಗಳಲ್ಲಿ ನಾವು ನಿದ್ದೆಯನ್ನು ಮಾಡುವುದಕ್ಕಿಂತ ಹೆಚ್ಚಾಗಿ ನಿದ್ದೆಯೇ ನಮಗೆ ಬರುತ್ತದೆ. ಸಿಟ್ಟು ಬರುತ್ತದೆ, ನೆನಪು ಬರುತ್ತದೆ, ಅಳು ಬರುತ್ತದೆ. ಬಾರದಿದ್ದರೆ ಯಾರೂ ತಪ್ಪು ಹೊರಿಸುವುದಿಲ್ಲ. ಆಸೆಯೂ ಹಾಗೆಯೇ ಬರುವಂಥದ್ದು. ಅತ್ತೆಗೆ ಹವ್ಯಕದಲ್ಲಿ, "ಎನಗೆ ಹಾಂಗಿಪ್ಪ ಆಸೆ ಬತ್ತಿಲ್ಲೆ ಅತ್ತೆ." ಅಮ್ಮನ ಗೆಳತಿಗೆ ತುಳುವಿನಲ್ಲಿ, "ಎಂಕ್ ಅಂಚಿನ ಆಸೆ ಬರ್ಪುಜಿ." ಬಸ್ಸಿನ ಟೀಚರಿಗೆ ಮಲಯಾಳದಲ್ಲಿ, "ಎನಿಕ್ಕ್ ಅಂಙನೆ ತೋನ್ನಾರಿಲ್ಲ ಟೀಚರೇ."